ಹೊರಗಿನ ತಾಳಕ್ಕೆ ಕಾದ ಪೆಟ್ಟಿಗೆ

ಯಂತ್ರಕ್ಕೆ ಒಡೆಯ ಮನುಷ್ಯನೇ ಎಂಬ ನಂಬಿಕೆಯ ಮೇಲೆ ನಾಗರಿಕತೆಯ ಮಹಾಸೌಧ ನಿಂತಿದೆ. ನಾನು ಕೆಲಸ ಮಾಡುವ ನೆಲಮಾಳಿಗೆಯಲ್ಲಿ ಆ ಸೌಧ ಕಡಲೆಕಾಳಿನಷ್ಟು ದೊಡ್ಡದಾದ ಒಂದು ಕೆಂಪು ದೀಪದ ಎದುರು ದಿನವೂ ಕುಸಿದುಬೀಳುತ್ತಿತ್ತು. ದೀಪದ ಪಕ್ಕದಲ್ಲಿ ಬೀಗದ ಚಿತ್ರ. ಅದು ಹೊತ್ತಿಕೊಂಡಿದ್ದರೆ, ತಲೆಗೂದಲು ಹಣ್ಣಾಗುವವರೆಗೆ ಧ್ವನಿಮುದ್ರಣವನ್ನೇ ಮಾಡಿಕೊಂಡು ಬಂದ ನಾನು ಆ ಪೆಟ್ಟಿಗೆಯ ಗುಂಡಿಗಳನ್ನು ಎಷ್ಟು ಒತ್ತಿದರೂ ಅದು ನನ್ನ ಗುರುತು ಹಿಡಿಯುತ್ತಿರಲಿಲ್ಲ. ಪೆಟ್ಟಿಗೆ ಇದ್ದದ್ದು ನನ್ನ ಮೊಣಕೈ ಪಕ್ಕದಲ್ಲಿ. ಅದರ ಒಡೆತನ ಇದ್ದದ್ದು ಮಾನೇಸರಿನಲ್ಲಿ.

ಪೆಟ್ಟಿಗೆ ಎಂದರೆ ಕನ್ವರ್ಟರು. ಮೈಕಿನಿಂದಲೋ ಹಳೆಯ ಟೇಪಿನಿಂದಲೋ ಬರುವ ಧ್ವನಿ ತಂತಿಯಲ್ಲಿ ಅಲೆಯಾಗಿ ಹರಿಯುತ್ತದೆ. ಕಂಪ್ಯೂಟರಿಗೆ ಅಲೆ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ನಡುವೆ ಕೂತು ಅಲೆಯನ್ನು ಅಂಕಿಯಾಗಿಸುವ ದುಭಾಷಿ ಇದು. ಸಂಗೀತ ಕೇಳುವವರಿಗೆ ಥಟ್ಟನೆ ಅರ್ಥವಾಗುವ ಒಂದು ಗುಣ ಅದಕ್ಕಿದೆ: ತಾಳವಿಲ್ಲದೆ, ನಮ್ಮ ಕಸುಬಿನವರು ‘ಕ್ಲಾಕ್’ ಎನ್ನುವುದಿಲ್ಲದೆ, ಅದು ಕೆಲಸ ಮಾಡುವುದಿಲ್ಲ. ತಾಳವನ್ನು ತನ್ನೊಳಗೆ ತಾನೇ ಹಾಕಿಕೊಳ್ಳಬಹುದು. ಇಲ್ಲವೇ ಬೇರೊಂದು ಯಂತ್ರ ಹಾಕುವ ತಾಳವನ್ನು ಒಂದು ತಂತಿಯ ಮೂಲಕ ಕೇಳಿಸಿಕೊಂಡು ಅದಕ್ಕೆ ಹೊಂದಿಕೊಳ್ಳಬಹುದು. ‘ಹೊರಗಿನ ತಾಳಕ್ಕೆ ಹೋಗು’ ಎಂದು ಅಪ್ಪಣೆ ಕೊಟ್ಟು ಆ ತಂತಿಯನ್ನೇ ಸಿಕ್ಕಿಸದೆ ಬಿಟ್ಟರೆ ಪೆಟ್ಟಿಗೆ ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ಕಾಯುತ್ತದೆ. ಬಡ್ತಿಯ ಆದೇಶಕ್ಕೆ ಕಾಯುವ ಗುಮಾಸ್ತನಷ್ಟೇ ಶಾಂತವಾಗಿ ಕಾಯುತ್ತದೆ. ಆ ಹೊತ್ತಿನಲ್ಲಿ ಅದರೊಳಗೆ ಹೋದ ಧ್ವನಿ ಹೋದಂತೆಯೇ.

ದೆಹಲಿಯ ನಮ್ಮ ಸ್ಟುಡಿಯೋವನ್ನು ಕೆಲವು ವರ್ಷಗಳ ಹಿಂದೆ ಕೊಂಡವರು ಊರಾಚೆ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಮಾಲೀಕರು. ಎಲ್ಲರೂ ‘ಸಾಹೇಬರು’ ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಅನ್ನುತ್ತೇನೆ. ಅವರ ಕಾರ್ಖಾನೆಯಲ್ಲಿ ಗೋಡೆ ತುಂಬ ಪರದೆಗಳಿರುವ ಒಂದು ಕೋಣೆ ಇತ್ತು. ಕುಲುಮೆ, ಕಂಪ್ರೆಸರು, ಬಣ್ಣ ಒಣಗಿಸುವ ಒಲೆ, ಎಲ್ಲವನ್ನೂ ಅಲ್ಲಿ ಕುರ್ಚಿಯಲ್ಲಿ ಕೂತೇ ನಡೆಸುತ್ತಿದ್ದರು. ಯಂತ್ರದ ಪಕ್ಕ ನಿಂತವನೇ ಯಂತ್ರವನ್ನು ಕೆಡಿಸುವವನು ಎಂಬುದು ಸಾಹೇಬರ ಜೀವನದರ್ಶನ. ನಮ್ಮ ಸ್ಟುಡಿಯೋವನ್ನು ಅವರು ಮೊದಲ ಸಲ ನೋಡಿದಾಗ ನಾನು ಕನ್ವರ್ಟರಿನ ಗುಂಡಿ ತಿರುಗಿಸುತ್ತಿದ್ದೆ. ಆ ದೃಶ್ಯ ಅವರ ಮನಸ್ಸನ್ನು ಕಲಕಿರಬೇಕು. ತಿಂಗಳು ಕಳೆಯುವುದರೊಳಗೆ ಹೊಸ ಕನ್ವರ್ಟರುಗಳು ಬಂದವು, ಅವಕ್ಕೆ ಇಂಟರ್‌ನೆಟ್ಟಿನ ತಂತಿ ಬಂತು, ಮಾನೇಸರಿನ ಗೋಡೆಯಲ್ಲಿ ಕುಲುಮೆಗೂ ಕಂಪ್ರೆಸರಿಗೂ ನಡುವೆ ಅವಕ್ಕೊಂದು ಜಾಗ ಸಿಕ್ಕಿತು. “ಬಸ್, ಅಬ್ ಛೇಡ್‌ಖಾನಿ ಬಂದ್” ಎಂದರು ಸಾಹೇಬರು, ನನ್ನ ಬೆನ್ನು ತಟ್ಟುತ್ತಾ. ಇಷ್ಟು ದಿನ ನಾನು ಮಾಡಿದ್ದಕ್ಕೆ ಛೇಡ್‌ಖಾನಿ, ಅಂದರೆ ಕೀಟಲೆ, ಎಂಬ ಹೆಸರಿದೆಯೆಂದು ಆಗ ತಿಳಿಯಿತು.

ಜೊತೆಗೆ ಇನ್ನೆರಡು ಸುಧಾರಣೆಗಳಾದವು. ಮುಖ್ಯ ಯಂತ್ರದ ಜೊತೆಗೆ ಯಾವಾಗಲೂ ಓಡಿಸುತ್ತಿದ್ದ ನನ್ನ ಹಳೆಯ ಪುಟ್ಟ ರೆಕಾರ್ಡರು, ಒಂದೇ ಕೆಲಸವನ್ನು ಎರಡು ಸಲ ಮಾಡುತ್ತದೆ ಎಂಬ ಆರೋಪದ ಮೇಲೆ, ಮಾನೇಸರಿನ ಉಗ್ರಾಣಕ್ಕೆ ಗಡೀಪಾರಾಯಿತು. ಯಾರೋ ಗಾಯಕರ ಹಾಡು ಬಿಡುಗಡೆಗೆ ಮೊದಲೇ ಹೊರಗೆ ಹೋಯಿತೆಂದು, ಬಂದವರೆಲ್ಲ ಮೊಬೈಲನ್ನು ಮೇಲಿನ ಕೌಂಟರಿನಲ್ಲಿ ಇಟ್ಟು ಕೆಳಗಿಳಿಯಬೇಕೆಂಬ ನಿಯಮ ಬಂತು. ನನ್ನೊಬ್ಬನ ಫೋನಿಗೆ ವಿನಾಯಿತಿ. ಮಾನೇಸರಿಗೆ ಮೊರೆಯಿಡಲು ನನಗೆ ಬೇರೆ ದಾರಿ ಇರಲಿಲ್ಲವಲ್ಲ.

ಇನ್ನು ಬೋರ್ಡುಗಳ ವಿಷಯ. ನಮ್ಮಲ್ಲಿ ಎರಡು ಕೋಣೆ. ಮೆಟ್ಟಿಲಿಳಿದ ಕೂಡಲೇ ಸಿಗುವ ಚಿಕ್ಕದಕ್ಕೆ ಹಿಂದಿನಿಂದಲೂ ‘ಸ್ಟುಡಿಯೋ ಒಂದು’ ಎಂಬ ಹೆಸರು. ಒಳಗಿನ ದೊಡ್ಡದು ‘ಸ್ಟುಡಿಯೋ ಎರಡು’. ದೊಡ್ಡ ಕೋಣೆಗೆ ದೊಡ್ಡವರು ಬರುತ್ತಾರೆ, ದೊಡ್ಡವರನ್ನು ಎರಡನೆಯ ನಂಬರಿಗೆ ಕಳಿಸುವುದು ಹೇಗೆ? ದೆಹಲಿಯಲ್ಲಿ ಕುರ್ಚಿಯ ಎತ್ತರ, ಕಾರಿನ ನಂಬರು, ಬಾಗಿಲಿನ ಬೋರ್ಡು ಇವು ಮನುಷ್ಯನ ಆತ್ಮಕ್ಕೆ ಅಂಟಿಕೊಂಡ ವಸ್ತುಗಳು. ಒಬ್ಬ ನಿವೃತ್ತ ಅಧಿಕಾರಿಗಳು ತಮ್ಮ ಕವಿತೆಗಳನ್ನು ಓದಿ ಧ್ವನಿಮುದ್ರಿಸಲು ಬಂದವರು ‘ಎರಡು’ ಎಂಬ ಅಂಕಿ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟದ್ದು ಸಾಹೇಬರಿಗೆ ನುಂಗಲಾರದ ತುತ್ತಾಯಿತು. ಒಂದು ಶುಭ ಮುಹೂರ್ತದಲ್ಲಿ ಬೋರ್ಡುಗಳನ್ನು ಅದಲುಬದಲು ಮಾಡಿ, ತೆಂಗಿನಕಾಯಿ ಒಡೆದು, ಲಡ್ಡು ಹಂಚಿದರು. ಬಾಗಿಲಿನ ಬೋರ್ಡು ಬದಲಾಯಿತು. ಕನ್ವರ್ಟರುಗಳ ಒಳಗಿನ ಹೆಸರು ಬದಲಾಗಲಿಲ್ಲ. ಬೋರ್ಡು ಆಡಳಿತದವರ ಇಲಾಖೆ, ಕನ್ವರ್ಟರು ತಾಂತ್ರಿಕ ಇಲಾಖೆ. “ಪರದೆಯಲ್ಲೂ ಹೆಸರು ಬದಲಾಯಿಸಬೇಕು” ಎಂದು ನಾನು ಲಡ್ಡು ತಿನ್ನುತ್ತಲೇ ಹೇಳಿದೆ. “ಅಚ್ಛಾ, ಹೋ ಜಾಯೇಗಾ” ಎಂದರು ಸಾಹೇಬರು. ದೆಹಲಿಯಲ್ಲಿ ಬಹಳ ವರ್ಷ ಇದ್ದವರಿಗೆ ‘ಆಗಿಬಿಡುತ್ತದೆ’ ಎಂಬ ಆ ಮಾತಿನ ನಿಜವಾದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬಾಗಿಲಲ್ಲಿ ‘ಎರಡು’ ಎಂದಿದ್ದ ನನ್ನ ಚಿಕ್ಕ ಕೋಣೆ ಪರದೆಯ ಮೇಲೆ ‘ಒಂದು’ ಆಗಿಯೇ ಉಳಿಯಿತು. ಮಾನೇಸರಿನ ಪರದೆಗಳ ಮುಂದೆ ಕೂರುತ್ತಿದ್ದ ಎಂಜಿನಿಯರು ದಾವಣಗೆರೆ ಕಡೆಯವರು. ನಾನು ಅವರ ಮುಖ ಕಂಡವನಲ್ಲ, ಫೋನಿನಲ್ಲೇ ಪರಿಚಯ. ರಂಜಾನ್ ಹಬ್ಬಕ್ಕೆ ಮಾತ್ರ ಕಂಪನಿಯ ಕಾರಿನಲ್ಲಿ ಡಬ್ಬಿ ತುಂಬ ಶೀರ್‌ಖುರ್ಮಾ ಕಳಿಸುತ್ತಿದ್ದರು. ಅವರು ಈ ಅದಲುಬದಲನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು, ಒಂದು ಸಲವೂ ಎಡವಲಿಲ್ಲ. ನಮ್ಮಲ್ಲಿ ಕಸ ಗುಡಿಸುವವರಿಂದ ಹಿಡಿದು ಎಲ್ಲರಿಗೂ ಅದು ಗೊತ್ತಿತ್ತು. ಮರೆತವರು ಒಬ್ಬರೇ, ಬದಲಾಯಿಸಿದವರು.

ಚಳಿ ಇನ್ನೂ ಪೂರ್ತಿ ಬಿಡದ ಒಂದು ದಿನ ಒಬ್ಬ ಅಜ್ಜಿ ಬಂದರು. ಜೊತೆಗೆ ಮೊಮ್ಮಗಳು, ಗುರುಗ್ರಾಮದ ಯಾವುದೋ ಕಾರ್ಪೊರೇಟ್ ಆಫೀಸಿನಲ್ಲಿ ಕೆಲಸ. ನನ್ನ ಹೆಂಡತಿ ಕೇಂದ್ರ ಸರ್ಕಾರದ ನೌಕರಿಯವಳು, ನಾವಿರುವುದು ಕಿದ್ವಾಯಿ ನಗರದ ಹೊಸ ಬಹುಮಹಡಿ ಕ್ವಾರ್ಟರ್ಸಿನಲ್ಲಿ. ಅವಳ ಸಹೋದ್ಯೋಗಿಗಳ ಮೂಲಕ ಇವರಿಗೆ ನನ್ನ ವಿಷಯ ತಿಳಿದಿತ್ತು. ಅಜ್ಜಿಯೂ ಮದುವೆಯಾಗಿ ದೆಹಲಿಗೆ ಬಂದಾಗ ಇದ್ದದ್ದು ಕಿದ್ವಾಯಿ ನಗರದಲ್ಲೇ, ಈಗ ಕೆಡವಿಹಾಕಿರುವ ಹಳೆಯ ಕ್ವಾರ್ಟರ್ಸಿನಲ್ಲಿ.

“ನಿಮ್ಮದು ಎಷ್ಟನೇ ಮಹಡಿನಪ್ಪಾ?” ಎಂದು ಕೇಳಿದರು. ಹೇಳಿದೆ. “ಹಂಗಾದ್ರೆ ನಮ್ಮ ಮನೆ ನಿಮ್ಮ ಕಾಲಡಿಗೆ ಎಲ್ಲೋ ಇರಬೇಕು ಬಿಡಿ” ಎಂದರು.

ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಡಬ್ಬಿಯಲ್ಲಿ ಒಂದು ಸ್ಪೂಲ್ ಟೇಪು. ಅದರ ಕತೆ ಹೀಗೆ: ಅಜ್ಜಿ ಚೊಚ್ಚಲ ಬಾಣಂತನಕ್ಕೆ ಚಿಕ್ಕನಾಯಕನಹಳ್ಳಿಗೆ, ತವರಿಗೆ, ಹೋಗಿದ್ದರು. ಯಜಮಾನರು ಇಲ್ಲಿ ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತರು. ಮೀಟಿಂಗುಗಳ ಮಾತು ಹಿಡಿದಿಡಲು ಆಫೀಸಿನಲ್ಲಿದ್ದ ಟೇಪ್ ರೆಕಾರ್ಡರಿನ ಮುಂದೆ ಒಂದು ರಜಾದಿನ ಒಬ್ಬರೇ ಕೂತು, ಕಾಗದ ಬರೆಯುವ ಬದಲು ಹೆಂಡತಿಗೆ ಮಾತನಾಡಿ, ಊರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳಿಸಿದ್ದರು. ಪ್ರೀತಿಯಲ್ಲಿ ಮುಳುಗಿದ್ದ ಆ ಮನುಷ್ಯರಿಗೆ, ಕೇಳುವವರ ಊರಿನಲ್ಲೂ ಅಂಥದೊಂದು ಯಂತ್ರ ಬೇಕು ಎಂಬುದು ಹೊಳೆದಿರಲಿಲ್ಲ.

“ಊರಲ್ಲಿ ಟಾಕೀಸಿನವರನ್ನೂ ಕೇಳಿದ್ವಿ. ಅವರು ಇದನ್ನ ತಿರುಗಿಸಿ ಮುರುಗಿಸಿ ನೋಡಿ, ‘ಇದರಲ್ಲಿ ಚಿತ್ರ ಇಲ್ವಲ್ಲಮ್ಮ’ ಅಂದ್ರು” ಎಂದರು ಅಜ್ಜಿ. “ವಾಪಸ್ ಬರೋ ಹೊತ್ತಿಗೆ ಆ ಮೆಷಿನ್ ಬೇರೆ ಸೆಕ್ಷನ್ನಿಗೆ ಹೋಗಿತ್ತು. ಏನ್ ಹೇಳಿದ್ರಿ ಅದ್ರಲ್ಲಿ ಅಂದೆ. ನಿಧಾನವಾಗಿ ಹೇಳ್ತೀನಿ ಅಂದ್ರು.”

“ಹೇಳಿದ್ರಾ?”

“ಎಲ್ಲಿ! ರಿಟೈರ್ ಆದ್ಮೇಲೆ ಹೇಳ್ತೀನಿ ಅಂದ್ರು. ರಿಟೈರ್ ಆದ್ಮೇಲೆ ಶುಗರ್ ಬಿಟ್ಟು ಇನ್ನೊಂದು ಮಾತಾಡ್ಲಿಲ್ಲ. ಹೋದ ವರ್ಷ ಹೋಗೇಬಿಟ್ರು.”

ಮೊಮ್ಮಗಳು ಅಜ್ಜಿಯ ಭುಜದ ಮೇಲೆ ಕೈಯಿಟ್ಟು, “ಪಾಪಾ ಕೇ ಟೈಮ್ ಕಾ ಹೈ ಅಂಕಲ್” ಎಂದಳು. ಆ ಬಾಣಂತನದ ಕೂಸೇ ಅವಳ ಅಪ್ಪ. “ತಾತ ಏನು ಹೇಳಿದಾರೆ ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ಇದು ಒಂದೇ ಇರೋದು. ಪ್ಲೀಸ್, ಖರಾಬ್ ನಹೀ ಹೋನಾ ಚಾಹಿಯೇ.”

ಟೇಪು ದೆಹಲಿಯ ಅಷ್ಟೂ ಮಳೆಗಾಲಗಳ ತೇವ ಕುಡಿದಿತ್ತು. ಇಂಥ ಟೇಪನ್ನು ಹದವಾದ ಶಾಖದಲ್ಲಿ ಒಣಗಿಸಿಟ್ಟರೆ ಒಂದು ಸಲ, ದೇವರು ದೊಡ್ಡವನಾದರೆ ಎರಡು ಸಲ, ಓಡುತ್ತದೆ. ಅದೇ ಡಬ್ಬಿಯಲ್ಲಿದ್ದ ಖಾಲಿ ಟೇಪಿನ ತುಂಡೊಂದನ್ನು ಮೊದಲು ಓಡಿಸಿ ನೋಡಿದೆ. ನಡುವೆ ನಿಲ್ಲಿಸಿದ ಜಾಗದಲ್ಲಿ ಅದು ಯಂತ್ರದಲ್ಲಿ ಧ್ವನಿ ಓದುವ ಹೆಡ್ಡಿಗೆ ಅಂಟಿಕೊಂಡಿತು. ಬಿಡಿಸಿದರೆ ಧ್ವನಿಯನ್ನು ಹಿಡಿದಿಡುವ ಕಂದು ಲೇಪವೆಲ್ಲ ಸುಲಿದು ಬಂದು ಬರೀ ಪ್ಲಾಸ್ಟಿಕ್ ಪಟ್ಟಿ ಉಳಿಯಿತು. ಆದ್ದರಿಂದ ಅಜ್ಜಿಯನ್ನು ಮತ್ತೆ ಕರೆಸಿಕೊಂಡ ದಿನ ಮೊದಲೇ ಹೇಳಿದೆ: “ಅಮ್ಮಾ, ಶುರು ಮಾಡಿದ ಮೇಲೆ ಕೊನೆವರೆಗೂ ನಿಲ್ಲಿಸೋ ಹಾಗಿಲ್ಲ.”

“ಮದುವೆ ಥರ ಅನ್ನಿ” ಎಂದರು ಅಜ್ಜಿ.

ಮಾನೇಸರಿಗೆ ಫೋನು ಮಾಡಿದೆ. “ನನ್ನ ಕೋಣೇನ ಯಾರೂ ಮುಟ್ಟಬಾರದು. ಬಾಗಿಲಲ್ಲಿ ಎರಡು, ನಿಮ್ಮಲ್ಲಿ ಒಂದು.”

“ಗೊತ್ತು ಸರ್, ಕೈ ಕಟ್ಕೊಂಡು ಕೂತಿರ್ತೀನಿ. ಎಲ್ಲಾ ಗ್ರೀನ್ ಇದೆ. ನೀವು ಬಿಸ್ಮಿಲ್ಲಾ ಮಾಡಿ” ಎಂದರು ದಾವಣಗೆರೆಯವರು.

ಟೇಪು ತಿರುಗಿತು. ಸರಸರ ಸದ್ದು, ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು. ಆಮೇಲೆ ಎಳೆಯ ಗಂಡಸಿನ ದನಿ, ಎದುರಿಗೆ ಮೇಲಧಿಕಾರಿ ಕೂತಿದ್ದಾರೇನೋ ಎಂಬಷ್ಟು ಶಿಸ್ತಾಗಿ: “ಇತ್ತ ನಾವು ಕ್ಷೇಮ. ಅತ್ತ ನೀವೆಲ್ಲರೂ ಕ್ಷೇಮವೆಂದು ಭಾವಿಸಿದ್ದೇನೆ. ನಾವು ಅಂದರೆ, ಇಲ್ಲಿ ನಾನು ಒಬ್ಬನೇ.”

ಅಜ್ಜಿ ಕೈಯನ್ನು ಬಾಯಿಗೆ ಒತ್ತಿಕೊಂಡರು. ಮೊಮ್ಮಗಳು, “ಓ ಮೈ ಗಾಡ್, ಇದು ಪಾಪಾ ವಾಯ್ಸ್ ಥರಾನೇ ಇದೆ” ಎಂದಳು. ಪರದೆಯ ಮೇಲೆ ಅಲೆಗಳು ಕಳೆಕಳೆಯಾಗಿ ಮೂಡುತ್ತಿದ್ದವು. ಬೇಳೆ ಬೇಯಿಸಲು ಹೋಗಿ ಕುಕ್ಕರಿಗೆ ನೀರು ಹಾಕುವುದನ್ನು ಮರೆತ ವೃತ್ತಾಂತವನ್ನು ಆತ ಸರ್ಕಾರಿ ವರದಿಯ ಧಾಟಿಯಲ್ಲಿ ಹೇಳಿ ಮುಗಿಸಿ, ಪಕ್ಕದ ಮನೆಯ ಪಂಜಾಬಿ ಹೆಂಗಸು ಚಳಿಗೆಂದು ಕೆಂಡದ ಅಂಗೀಠಿ ತಂದಿಟ್ಟು ಹೋದದ್ದನ್ನು ಹೇಳಲು ಶುರುಮಾಡಿದ್ದರು.

ಕನ್ವರ್ಟರಿನೊಳಗೆ ‘ಟಕ್’ ಎಂದಿತು.

ಅದು ಬಹಳ ಸಣ್ಣ ಸದ್ದು. ಯಾರೋ ಪೆಟ್ಟಿಗೆಯ ಒಳಗೆ ಸ್ವಿಚ್ಚು ಹಾಕಿದ ಹಾಗೆ. ತಾಳದ ಹಸಿರು ದೀಪ ಆರಿ ಹಳದಿ ದೀಪ ಮಿಣುಕತೊಡಗಿತು. ಪರದೆಯ ಮೇಲಿನ ಅಲೆ ಚಪ್ಪಟೆಯಾಗಿ ಗೆರೆಯಾಯಿತು. ಪೆಟ್ಟಿಗೆ ಹೊರಗಿನ ತಾಳಕ್ಕೆ ಹೋಗಿ ಕಾಯುತ್ತಾ ಕುಳಿತಿತ್ತು. ನನ್ನ ಕೋಣೆಯಲ್ಲಿ ಹೊರಗಿನ ತಾಳ ಹಾಕುವ ಯಂತ್ರವೇ ಇರಲಿಲ್ಲ.

ಅಜ್ಜಿಗೆ ಇದೊಂದೂ ಗೊತ್ತಾಗಲಿಲ್ಲ. ಟೇಪಿನ ಯಂತ್ರದಿಂದ ಸ್ಪೀಕರಿಗೆ ನೇರವಾಗಿ ತಂತಿ ಎಳೆಯುವುದು ನನ್ನ ಹಳೆಯ ರೂಢಿ. ಮೂಲವನ್ನು ಮೂಲವಾಗಿಯೇ ಕೇಳಬೇಕೆಂಬ ಹಟ. ಆದ್ದರಿಂದ ಕೋಣೆಯಲ್ಲಿ ಯಜಮಾನರ ದನಿ ಯಾವ ಅಡ್ಡಿಯೂ ಇಲ್ಲದೆ ಮುಂದುವರಿದಿತ್ತು. ಧ್ವನಿಮುದ್ರಣ ಮಾತ್ರ ಆಗುತ್ತಿರಲಿಲ್ಲ. ನಿಲ್ಲಿಸಿದರೆ ಟೇಪು ಹೆಡ್ಡಿಗೆ ಅಂಟುತ್ತದೆ. ನಿಲ್ಲಿಸದಿದ್ದರೆ ಒಂದೇ ಸಲ ಬರಬಹುದಾದ ಮಾತು ಬಂದು ಹೋಗುತ್ತಿದೆ. ಗುಂಡಿ ಒತ್ತಿದೆ, ಕೆಂಪು ಬೀಗ. ಇಂಟರ್‌ನೆಟ್ಟಿನ ತಂತಿ ಕಿತ್ತೆ; ಬೀಗ ಹಾಗೇ ಇತ್ತು. ಕರೆಂಟು ತೆಗೆದು ಮತ್ತೆ ಕೊಟ್ಟೆ. ಪೆಟ್ಟಿಗೆ ಎದ್ದು, ತನ್ನ ಕೊನೆಯ ಆಜ್ಞೆಯನ್ನು ನೆನಪಿಸಿಕೊಂಡು, ಮತ್ತೆ ಕಾಯತೊಡಗಿತು. ಅಷ್ಟು ವಿಧೇಯತೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ತಂತಿಯನ್ನು ಮತ್ತೆ ಸಿಕ್ಕಿಸಿ, ಫೋನು ಹಿಡಿದು ಕಾರಿಡಾರಿಗೆ ಓಡಿದೆ. ಸದ್ದು ಹೊರಹೋಗದಂತೆ ಕಟ್ಟಿದ ಕೋಣೆಯಲ್ಲಿ ಸಿಗ್ನಲ್ಲೂ ಒಳಬರುವುದಿಲ್ಲ.

“ಏನ್ ಮಾಡಿದ್ರಿ ನೀವು?”

“ನಾನ್ ಮುಟ್ಟಿಲ್ಲ ಸರ್, ಆಣೆ. ಮಾಸ್ಟರ್ ಕಂಟ್ರೋಲಿಂದ ಬಂದಿದೆ.”

“ಮಾಸ್ಟರ್ ಯಾರು?”

“ಸಾಹೇಬ್ರು. ಅವರ ಮೊಬೈಲಲ್ಲಿ ಆ್ಯಪ್ ಇದೆ. ಸಾಯಂಕಾಲ ಯಾವುದೋ ಎಂಬೆಸಿ ಗೆಸ್ಟ್ ಬರ್ತಾರಂತೆ ದೊಡ್ಡ ರೂಮಿಗೆ. ಅದಕ್ಕೆ ಸ್ಟುಡಿಯೋ ಒಂದನ್ನ ಹೊರಗಿನ ಕ್ಲಾಕಿಗೆ ಹಾಕಿ ಲಾಕ್ ಮಾಡಿದಾರೆ. ಅವರ ಲೆಕ್ಕದಲ್ಲಿ ಒಂದು ಅಂದ್ರೆ ದೊಡ್ಡದು. ಬೋರ್ಡಲ್ಲಿ ಇರೋ ಥರ.”

“ಬಿಡಿಸಿ ಬೇಗ.”

“ಮಾಸ್ಟರ್ ಲಾಕ್ ತೆಗೆಯೋಕೆ ಓಟಿಪಿ ಬೇಕು ಸರ್. ಅದು ಅವರ ಫೋನಿಗೇ ಹೋಗತ್ತೆ.”

ಸಾಹೇಬರಿಗೆ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಅವರ ಡ್ರೈವರಿಗೆ ಮಾಡಿದೆ. ಡ್ರೈವರು ಚಾಣಕ್ಯಪುರಿಯಲ್ಲಿ, ಎಂಬೆಸಿಯೊಂದರ ಗೋಡೆಯ ಆಚೆ, ಕಾರಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಸಿಪ್ಪೆಯ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಸಾಬ್ ತೋ ಅಂದರ್ ಗಯೇ. ಲಂಚ್ ಹೈ.”

“ಫೋನ್ ತೆಗೀತಿಲ್ಲ ಭಯ್ಯಾ, ಉನ್‌ಕೋ ಬುಲಾವೋ.”

“ಫೋನ್ ಗೇಟ್ ಪೇ ಜಮಾ ಹೈ ಜೀ. ಸಬ್ ಕಾ ಜಮಾ ಹೋತಾ ಹೈ. ಗಾಡಿ ಮೇ ಬೈಠೇ ಬೈಠೇ ಕುಛ್ ದಬಾಯಾ, ಬೋಲೇ ‘ದೇಖ್, ಯಹೀ ಸೇ ಸ್ಟುಡಿಯೋ ತಯ್ಯಾರ್’, ಫಿರ್ ಗೇಟ್ ಪೇ ಫೋನ್ ದೇ ದಿಯಾ.”

ಸಾಹೇಬರು ಕಾರಿನಲ್ಲಿ ಕೂತೇ ಗುಂಡಿ ಒತ್ತಿ ಸ್ಟುಡಿಯೋ ಸಜ್ಜು ಮಾಡಿ, ಫೋನನ್ನು ಗೇಟಿನಲ್ಲಿ ಒಪ್ಪಿಸಿ ಊಟಕ್ಕೆ ಹೋಗಿದ್ದರು. ಗೇಟಿನವರನ್ನು ಕೇಳೆಂದು ಅಂಗಲಾಚಿದೆ. “ಕೋಶಿಶ್ ಕರ್ತಾ ಹೂಂ” ಎಂದು ಅವನು ಕಡಲೆಕಾಯಿ ಪಕ್ಕಕ್ಕಿಟ್ಟ. ಹೊರಗಿನ ತಾಳ ಹಾಕುವ ಯಂತ್ರ ದೊಡ್ಡ ಕೋಣೆಯಲ್ಲಿದೆ, ಅಲ್ಲಿಂದ ಒಂದು ಉದ್ದ ತಂತಿ ಎಳೆದರೆ ಆಯಿತು ಎಂದು ಹೊಳೆದು ಆ ಬಾಗಿಲಿಗೆ ಓಡಿದೆ. ಬಾಗಿಲು ತೆರೆಯಲಿಲ್ಲ. ಗೆಸ್ಟಿಗಾಗಿ ಅದಕ್ಕೂ ಅದೇ ಆ್ಯಪಿನಿಂದ ಬೀಗ ಬಿದ್ದಿತ್ತು. ಬಾಗಿಲಿನ ವಿಷಯದಲ್ಲಿ ಮಾತ್ರ ಸಾಹೇಬರು ನಂಬರು ತಪ್ಪಿರಲಿಲ್ಲ. ಬಾಗಿಲಿನ ಬೀಗ ಆಡಳಿತದವರ ಇಲಾಖೆ, ಹೊಸ ಬೋರ್ಡಿನ ಜೊತೆಗೇ ಅದರ ಹೆಸರೂ ಬದಲಾಗಿತ್ತು.

ಒಳಗೆ ಬಂದು ನೋಡಿದರೆ ಅಜ್ಜಿ ಖುಷಿಯಲ್ಲಿದ್ದರು. ಅಂಗೀಠಿಯ ಹೆಂಗಸಿನ ಪ್ರಸ್ತಾಪ ಬಂದದ್ದೇ ಅವರ ನೆನಪಿನ ಚೀಲ ಬಿಚ್ಚಿಕೊಂಡಿತ್ತು. ಟೇಪಿನಲ್ಲಿ ಯಜಮಾನರು ಮಾತನಾಡುತ್ತಿದ್ದರು. ಅದರ ಮೇಲೆ ಅಜ್ಜಿ ಮೊಮ್ಮಗಳಿಗೆ ಆ ಪಂಜಾಬಿ ಹೆಂಗಸಿನ ಪರಾಠೆ, ಅವಳ ಗಂಡನ ಸ್ಕೂಟರು, ಅವಳು ಕಲಿಸಿಕೊಟ್ಟ ಹೆಣಿಗೆ ಎಲ್ಲವನ್ನೂ ವರ್ಣಿಸುತ್ತಿದ್ದರು. ಹಿಂದೆ ರೇಡಿಯೋ ಹಾಕಿಟ್ಟು ಅಡುಗೆ ಮಾಡುವವರ ಹಾಗೆ.

“ಅಮ್ಮಾ, ಈಗ ಕೇಳಿ” ಎಂದೆ.

“ಕೇಳ್ತಾ ಇದೀನಲ್ಲಪ್ಪ.”

“ಅಲ್ಲ, ಗಮನ ಇಟ್ಟು ಈಗಲೇ ಕೇಳಿಬಿಡಿ.”

“ಅಯ್ಯೋ, ಎಲ್ಲಿ ಓಡಿಹೋಗತ್ತೆ? ರೆಕಾರ್ಡ್ ಆಗ್ತಿದೆಯಲ್ಲ. ಮನೇಲಿ ನಿಧಾನವಾಗಿ ಕೂತು ಕೇಳ್ತೀನಿ. ಐವತ್ತು ವರ್ಷ ಕಾದಿದೀನಿ, ಇನ್ನೊಂದು ಸಾಯಂಕಾಲ ಕಾಯೋಕಾಗಲ್ವಾ?” ಎಂದು ನಕ್ಕು, ಮೊಮ್ಮಗಳತ್ತ ತಿರುಗಿ, “ಹೂಂ, ಆ ಸ್ಕೂಟರಲ್ಲಿ ನಾನೂ ಕೂತಿದ್ದೆ ಕಣೇ ಒಂದ್ಸಲ” ಎಂದರು.

ರೆಕಾರ್ಡ್ ಆಗುತ್ತಿಲ್ಲ ಎಂದು ಆಗಲೇ ಹೇಳಬಹುದಿತ್ತು. ಬೀಗ ಇನ್ನೊಂದು ಗಳಿಗೆಯಲ್ಲಿ ತೆರೆಯುತ್ತದೆ ಎಂದುಕೊಂಡೆ; ಹೇಳಿದರೆ ಗಾಬರಿಯಲ್ಲಿ ಉಳಿದದ್ದೂ ಅವರ ಕಿವಿಗೆ ಬೀಳುವುದಿಲ್ಲ ಎಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರಿನಿಂದ ದನಿ ಸ್ವಲ್ಪ ತಗ್ಗಿತು: “ಇನ್ನು ಒಂದು ಮಾತು. ಎದುರಿಗೆ ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೆ ಇದರಲ್ಲಿ...” ಅದೇ ಹೊತ್ತಿಗೆ, ಸಿಗ್ನಲ್ ಸಿಗಲೆಂದು ಬಾಗಿಲನ್ನು ಅರ್ಧ ತೆರೆದು ಹಿಡಿದು ನಿಂತಿದ್ದ ನನ್ನ ಕೈಯೊಳಗೆ ಫೋನು ನಡುಗಿತು. ಡ್ರೈವರು. ಓಟಿಪಿ ಸಿಕ್ಕಿತೆಂದೇ ಹೊರಗೆ ಓಡಿದೆ. ದಪ್ಪ ಬಾಗಿಲು ನನ್ನ ಹಿಂದೆ ನಿಶ್ಶಬ್ದವಾಗಿ ಮುಚ್ಚಿಕೊಂಡಿತು. ನಾನೇ ಮುಂದೆ ನಿಂತು ಮಾಡಿಸಿದ ಬಾಗಿಲು ಅದು. ಒಂದು ಪಿಸುಮಾತೂ ಹೊರಗೆ ಬರುವುದಿಲ್ಲ.

“ಗಾರ್ಡ್ ಪೂಛ್ ರಹಾ ಹೈ, ಕಿಸ್ ಕಂಪನಿ ಕಾ ಫೋನ್ ಹೈ, ಕಾಲಾ ಯಾ ನೀಲಾ?” ಎಂದ ಡ್ರೈವರು.

ಕಪ್ಪು ಎಂದೆ. ನೀಲಿ ಇರಬಹುದು ಎಂದೂ ಹೇಳಿದೆ. ಗಾರ್ಡು ಟೋಕನ್ ಕೇಳಿದ. ಟೋಕನ್ ಸಾಹೇಬರ ಜೇಬಿನಲ್ಲಿ, ಸಾಹೇಬರು ಊಟದಲ್ಲಿ. ಈ ಮಾತುಕತೆ ನಿಯಮಬದ್ಧವಾಗಿ, ಎಲ್ಲ ಸೌಜನ್ಯಗಳೊಂದಿಗೆ, ಮುಗಿಯಿತು.

ನಾನು ಒಳಗೆ ಬಂದಾಗ ಯಜಮಾನರು ಕೂಸಿಗೆ ಕುಲಾವಿ ಹಾಕದೆ ಹೊರಗೆ ಒಯ್ಯಬಾರದೆಂದು ಎಚ್ಚರಿಕೆ ಕೊಡುತ್ತಿದ್ದರು. “ಇಲ್ಲಿಗೆ ಮುಗಿಸುತ್ತೇನೆ” ಎಂದರು. ಟೇಪಿನ ತುದಿ ಚಕ್ರದಿಂದ ಬಿಡಿಸಿಕೊಂಡು ಪಟಪಟ ಬಡಿಯತೊಡಗಿತು. ಹೆಡ್ಡುಗಳ ಸುತ್ತ ನಶ್ಯದಂಥ ಕಂದು ಪುಡಿ.

ಅಜ್ಜಿ ಕಣ್ಣೊರೆಸಿಕೊಂಡು, “ಪೂರ್ತಿ ಬಂತಲ್ಲಪ್ಪಾ?” ಎಂದರು.

ಹೇಳಿದೆ. ತಾಳದ ಸಮಾಚಾರ, ಬೀಗದ ಸಮಾಚಾರ ಬಿಟ್ಟು, ಶುರುವಿನ ಸ್ವಲ್ಪ ಮಾತ್ರ ಬಂದಿದೆ, ಉಳಿದದ್ದು ಬಂದಿಲ್ಲ ಎಂದಷ್ಟೇ ಹೇಳಿದೆ. ಮೊಮ್ಮಗಳು ಕೆಂಪಗಾಗಿ, “ನಮ್ಮ ಫೋನ್ ಮೇಲೆ ಇಟ್ಕೊಂಡ್ರಲ್ಲ. ಲೇಕಿನ್ ಅಂಕಲ್, ಆಪ್‌ಕೇ ಹಾಥ್ ಮೇ ತೋ ಫೋನ್ ಥಾ. ಅದನ್ನ ಸ್ಪೀಕರ್ ಮುಂದೆ ಇಟ್ಟಿದ್ರೆ ಸಾಕಿತ್ತು” ಎಂದಳು. ಅಷ್ಟು ಸರಳವಾದ ಮಾತನ್ನು ಆ ಕಟ್ಟಡದಲ್ಲಿ ಬಹಳ ದಿನಗಳಿಂದ ಯಾರೂ ಆಡಿರಲಿಲ್ಲ.

ಅಜ್ಜಿ ಅಳಲಿಲ್ಲ, ಬೈಯಲೂ ಇಲ್ಲ. ಅಳುತ್ತಾರೆಂದು ನಾನು ಹಾಕಿದ್ದ ಲೆಕ್ಕವೂ ತಪ್ಪಿತ್ತು. “ಒಂದು ಮಾತು ಅಂತ ಅಂದ್ರಲ್ಲ, ಏನಂದ್ರೇ ಅದು?” ಎಂದು ಮೊಮ್ಮಗಳನ್ನು ಕೇಳಿದರು. “ನಾನು ಆಗ ಸ್ಕೂಟರ್ ವಿಷಯ ಹೇಳ್ತಿದ್ದೆ.”

“ಅಜ್ಜಿ, ನೀವು ಮಾತಾಡ್ತಾ ಇದ್ರಿ ನಾ... ಔರ್ ತಾತ ಬಹುತ್ ಪ್ಯೂರ್ ಕನ್ನಡ ಬೋಲ್ ರಹೇ ಥೇ, ಸ್ಲೋ ಆಗಿ. ‘ನಿನ್ನ ಅಣ್ಣ’ ಅಂತ ಏನೋ ಬಂತು. ಆಮೇಲೆ ‘ತಪ್ಪು’ ಅಂತ.”

ಅಜ್ಜಿ ನೆಟ್ಟಗೆ ಕೂತರು. “ನಮ್ಮಣ್ಣನಾ? ಆ ಬಾಣಂತನದ ವರ್ಷವೇ ಇವರಿಬ್ಬರೂ ಮಾತು ಬಿಟ್ಟಿದ್ದು. ಸಾಯೋವರೆಗೂ ಆಡಲಿಲ್ಲ. ಯಾಕೆ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಯಾರದು ತಪ್ಪು ಅಂದ್ರು? ನಮ್ಮಣ್ಣನ ತಪ್ಪು ಅಂದ್ರಾ, ತಮ್ಮದು ಅಂದ್ರಾ?”

“ಪತಾ ನಹೀ ಅಜ್ಜಿ.”

“ಸರಿಯಾಗಿ ಜ್ಞಾಪಿಸ್ಕೊಳೇ ಪುಟ್ಟಿ. ‘ನನ್ನದು’ ಅಂದ್ರಾ, ‘ಅವನದು’ ಅಂದ್ರಾ?”

“ಸಚ್ಚಿ, ಗೊತ್ತಿಲ್ಲ ಅಜ್ಜಿ. ರೆಕಾರ್ಡಿಂಗಲ್ಲಿ ಕೇಳ್ತೀವಲ್ಲ ಅಂತ ನಾನೂ...” ಎಂದು ಹುಡುಗಿ ಅಳತೊಡಗಿದಳು. ಅಜ್ಜಿಯೇ ಅವಳ ತಲೆ ಸವರಿದರು. ಸವರುತ್ತಲೇ ಇನ್ನೊಂದು ಸಲ ಕೇಳಿದರು, “ದನಿ ಹೇಗಿತ್ತೇ, ಕೋಪದಲ್ಲಿ ಇದ್ರಾ?”

ಹೆಡ್ಡು ಒರೆಸಿ, ಟೇಪನ್ನು ಮತ್ತೆ ಒಂದೆರಡು ದಿನ ಒಣಗಿಸಿ, ಎರಡನೆಯ ಸಲ ಓಡಿಸಿದೆ. ಈ ಸಲ ಎಲ್ಲವೂ ಸರಿಯಾಗಿತ್ತು. ಹಸಿರು ದೀಪ ಉರಿಯುತ್ತಿತ್ತು, ದಾವಣಗೆರೆಯವರು ಮಾನೇಸರಿನಿಂದ ತಾವೇ ಬಸ್ಸು ಹಿಡಿದು ಬಂದು ನನ್ನ ಪಕ್ಕ ನಿಂತಿದ್ದರು. ಹಾಗೆ ನಾವು ಮೊದಲ ಬಾರಿ ಮುಖಾಮುಖಿಯಾದೆವು. ಟೇಪು ಪುಡಿಯುದುರಿಸುತ್ತಾ ನರಳಿತು. ಅಲ್ಲಲ್ಲಿ ಒಂದು ‘ಅಂತ’, ಒಂದು ಕೆಮ್ಮು. ಅರ್ಧಕ್ಕೆ ಬರುವಷ್ಟರಲ್ಲಿ ತುಂಡಾಯಿತು.

ಸಾಹೇಬರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಕೆಟ್ಟವರಲ್ಲ, ಸಮಾಧಾನವಾಗಿ ಕೇಳಿದರು. ಆಮೇಲೆ ಯೋಚಿಸಿ, “ಲೇಕಿನ್ ದೇಖಿಯೇ, ಚಾಣಕ್ಯಪುರಿ ಸೇ ಕಮಾಂಡ್ ಗಯಾ, ಔರ್ ಮಶೀನ್ ನೇ ಏಕ್ ಸೆಕೆಂಡ್ ಮೇ ಮಾನಾ. ಸಿಸ್ಟಮ್ ತೋ ಪರ್‌ಫೆಕ್ಟ್ ಹೈ” ಎಂದರು. ಅಜ್ಜಿಯ ಮನೆಗೆ ಒಣಹಣ್ಣಿನ ಡಬ್ಬಿಯೊಂದನ್ನು ಕಳಿಸಿಕೊಟ್ಟರು. ರಿಬ್ಬನ್ ಕಟ್ಟಿತ್ತು.

ಅಜ್ಜಿ ಒಮ್ಮೆ ಫೋನು ಮಾಡಿದ್ದರು. ಬೈಯಲು ಎಂದುಕೊಂಡೆ. “ಏನಪ್ಪಾ, ನೀವು ಒಳಗೂ ಹೊರಗೂ ಓಡಾಡ್ತಿದ್ರಲ್ಲ, ನಿಮ್ಮ ಕಿವಿಗೇನಾದ್ರೂ ಬಿತ್ತಾ?” ಎಂದು ಕೇಳಿದರು. “ಒಂದು ಮಾತು, ಎದುರಿಗೆ ಹೇಳಲು ನನ್ನಿಂದ ಆಗಲಿಲ್ಲ” ಎಂಬವರೆಗೆ ಬಿತ್ತು ಎಂದೆ. “ಅದು ನನಗೂ ಗೊತ್ತಿತ್ತು” ಎಂದರು.

ಬಂದಷ್ಟನ್ನು ಪೆನ್‌ಡ್ರೈವಿಗೆ ಹಾಕಿ ಮೊಮ್ಮಗಳ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಕ್ಷೇಮಸಮಾಚಾರವೂ ಕುಕ್ಕರಿನ ವಿಷಯವೂ ಇವೆ. ಉಳಿದ ಭಾಗದಲ್ಲಿ ಧ್ವನಿ ಇಲ್ಲ.